ಮರೆತುಹೋದ ಕೀಲೆಣ್ಣೆ

ಎಂಬತ್ತರ ದಶಕದಲ್ಲಿ ಮೈಸೂರಿನ ಯಾವ ಪೆಟ್ರೋಲ್ ಬಂಕಿನ ಮುಂದೆ ನಿಂತರೂ ಈ ದೃಶ್ಯ ಕಾಣುತ್ತಿತ್ತು. ಯೆಜ್ಡಿ ಬೈಕಿನ ಸವಾರ ಇಳಿದು ಟ್ಯಾಂಕಿನ ಮುಚ್ಚಳ ತೆಗೆಯುತ್ತಾನೆ. ಬಂಕಿನ ಹುಡುಗ ಪೆಟ್ರೋಲಿನ ಜೊತೆಗೆ ಅಳತೆ ನೋಡಿ ಟೂ-ಟಿ ಆಯಿಲ್ ಸುರಿಯುತ್ತಾನೆ. ಲೀಟರಿಗೆ 30ರಿಂದ 40 ಮಿಲಿಲೀಟರ್, ಅದರ ಹತ್ತಿರ ಹತ್ತಿರ. ಮುಚ್ಚಳ ಬಿಗಿದ ಮೇಲೆ ಸವಾರ ಹ್ಯಾಂಡಲ್ ಹಿಡಿದು ಇಡೀ ಗಾಡಿಯನ್ನು ಎಡಕ್ಕೂ ಬಲಕ್ಕೂ ನಾಲ್ಕು ಸಲ ಅಲ್ಲಾಡಿಸುತ್ತಾನೆ, ಎಣ್ಣೆ ಪೆಟ್ರೋಲಿನಲ್ಲಿ ಚೆನ್ನಾಗಿ ಬೆರೆಯಲಿ ಎಂದು. ಆಮೇಲೆ ಒಂದು ಕಿಕ್ಕು, ಒಂದಿಷ್ಟು ನೀಲಿ ಹೊಗೆ, ಗಾಡಿ ಹೊರಟಿತು.

ಮೈಸೂರಿನದೇ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳೆಲ್ಲ ಟೂ-ಸ್ಟ್ರೋಕ್ ಗಾಡಿಗಳು. ಅವುಗಳಲ್ಲಿ ಹೆಚ್ಚಿನವುಗಳ ಇಂಜಿನ್‌ಗೆ ಎಣ್ಣೆ ಹೋಗುತ್ತಿದ್ದದ್ದು ಪೆಟ್ರೋಲಿನ ಜೊತೆಗೇ, ಸುಟ್ಟು ಹೊರಬರುತ್ತಿದ್ದದ್ದೂ ಅದರ ಜೊತೆಗೇ. ಹಾಗಾಗಿ ಪೆಟ್ರೋಲ್ ಹಾಕಿಸಿದಷ್ಟು ಸಲವೂ ಸವಾರನಿಗೆ ಎಣ್ಣೆಯ ನೆನಪಾಗುತ್ತಿತ್ತು. ಗೇರ್ ಪೆಟ್ಟಿಗೆಗೆ ಬೇರೆ ಎಣ್ಣೆ ಇತ್ತು ನಿಜ. ಆದರೆ ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಮರೆಯುವುದಕ್ಕೆ ಆ ಗಾಡಿ ಅವಕಾಶವನ್ನೇ ಕೊಡುತ್ತಿರಲಿಲ್ಲ.

1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬ ಅದರ ಇಂಗ್ಲಿಷ್ ಜಾಹೀರಾತು ಊರೂರಲ್ಲೂ ಜನರ ಬಾಯಿಗೆ ಬಂತು. ಮಾತು ಪೆಟ್ರೋಲಿನದು, ಮೈಲೇಜಿನದು. ಫೋರ್-ಸ್ಟ್ರೋಕ್ ಇಂಜಿನ್ ಆ ಮಾತನ್ನು ಉಳಿಸಿಕೊಂಡಿತು ಕೂಡ. ಆದರೆ ಈ ಇಂಜಿನ್‌ನಲ್ಲಿ ಎಣ್ಣೆ ಟ್ಯಾಂಕಿನಿಂದ ಇಳಿದು ಗಾಡಿಯ ಹೊಟ್ಟೆಯೊಳಗೆ ಸೇರಿತ್ತು. ಅದು ಸುಡುವುದಿಲ್ಲ. ಒಂದೇ ಎಣ್ಣೆ ತಿಂಗಳುಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕಣ್ಣಿಗೆ ಬೀಳದ ಅದನ್ನು ಸವಾರರು ಪೆಟ್ರೋಲಿಗಿಂತ ಚೆನ್ನಾಗಿ ಮರೆತರು.

ಕನ್ನಡದಲ್ಲಿ ಇಂಥ ಎಣ್ಣೆಗೆ ಹಳೆಯದೊಂದು ಹೆಸರಿದೆ, ಕೀಲೆಣ್ಣೆ. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆ ಅದು. ಹೆಚ್ಚಾಗಿ ಹರಳೆಣ್ಣೆ. ದೂರದ ಸಂತೆಗೆ ಗಾಡಿ ಹೂಡುವ ಮುನ್ನ ಕೀಲು ತೆಗೆದು ಅಚ್ಚಿಗೆ ಎಣ್ಣೆ ಸವರುವುದು ಎತ್ತಿಗೆ ನೀರು ತೋರಿಸುವಷ್ಟೇ ಸಹಜವಾದ ಕೆಲಸವಾಗಿತ್ತು. ಮರೆತರೆ ಗಾಡಿಯೇ ಕಿರ್ರೋ ಎಂದು ಅರಚಿ ಊರಿಗೆಲ್ಲ ಹೇಳುತ್ತಿತ್ತು. ಹರಳೆಣ್ಣೆ ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ 1909ರಲ್ಲಿ ಮೋಟಾರು ಇಂಜಿನ್‌ಗಳಿಗಾಗಿ ಹರಳೆಣ್ಣೆ ಬೆರೆಸಿದ ಎಣ್ಣೆಯೊಂದನ್ನು ತಯಾರಿಸಿತು. ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟರು. ಮೊದಲ ಮಹಾಯುದ್ಧದ ವಿಮಾನಗಳ ಎಷ್ಟೋ ಇಂಜಿನ್‌ಗಳು ಹರಳೆಣ್ಣೆಯಲ್ಲೇ ಓಡಿದವು. ಬಿಸಿಗೆ ಅಂಟಂಟಾಗಿ ಒಳಗೆಲ್ಲ ಮೆತ್ತಿಕೊಳ್ಳುವ ಗುಣ ಇದ್ದುದರಿಂದ ದಿನನಿತ್ಯದ ಗಾಡಿಗಳಲ್ಲಿ ಆ ಜಾಗವನ್ನು ಮುಂದೆ ಖನಿಜ ಎಣ್ಣೆ ಹಿಡಿಯಿತು.

ಎತ್ತಿನ ಗಾಡಿ ಅರಚುತ್ತದೆ. ಪೆಟ್ರೋಲ್ ಮುಗಿದರೆ ಬೈಕು ನಿಲ್ಲುತ್ತದೆ. ಆಯಿಲ್ ಕಡಿಮೆಯಾದರೆ ಮಾತ್ರ ತುಂಬಾ ದಿನ ಏನೂ ಆಗುವುದಿಲ್ಲ. ನೂರು ಸಿಸಿಯ ಬಹುತೇಕ ಗಾಡಿಗಳ ಮೀಟರಿನಲ್ಲಿ ಅದಕ್ಕೊಂದು ದೀಪವೂ ಇಲ್ಲ. ಎಲ್ಲ ತೊಂದರೆ ಶುರುವಾಗುವುದು ಇಲ್ಲಿಂದಲೇ.

ಆ ಎಣ್ಣೆ ಮಾಡುವ ಕೆಲಸ ಎಷ್ಟೆಂದು ನೋಡಲು ಹಳ್ಳಿ, ಪಟ್ಟಣ ಎನ್ನದೆ ಎಲ್ಲೆಡೆ ಕಾಣುವ ಸ್ಪ್ಲೆಂಡರನ್ನೇ ತೆಗೆದುಕೊಳ್ಳಬಹುದು. 97.2 ಸಿಸಿ, 50 ಮಿಲಿಮೀಟರ್ ಬೋರು, 49.5 ಮಿಲಿಮೀಟರ್ ಸ್ಟ್ರೋಕು. ಇಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಪಿಸ್ಟನ್ ಅಷ್ಟೇ ಸಲ ಮೇಲೇರಿ ಕೆಳಗಿಳಿಯುತ್ತದೆ. ಲೆಕ್ಕ ಹಾಕಿದರೆ ಒಂದೇ ನಿಮಿಷದಲ್ಲಿ ಅದು ಸಿಲಿಂಡರಿನ ಗೋಡೆಯ ಮೇಲೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಜಾರಿರುತ್ತದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಅದೇ ಎಣ್ಣೆ ಮೇಲೆ ಹೆಡ್ಡಿಗೂ ಹತ್ತಿ ಕ್ಯಾಮ್ ಮತ್ತು ರಾಕರುಗಳನ್ನು ತೋಯಿಸಬೇಕು, ಗೇರಿನ ಹಲ್ಲುಗಳ ನಡುವೆ ಅರೆದುಕೊಳ್ಳಬೇಕು, ಕ್ಲಚ್ ಪ್ಲೇಟುಗಳನ್ನು ನೆನೆಸಿಡಬೇಕು, ಒಳಗಿನ ಬಿಸಿಯನ್ನೂ ಹೊತ್ತು ತರಬೇಕು. ಇಷ್ಟೆಲ್ಲಕ್ಕೂ ಆಯಿಲ್ ಬದಲಿಸಿದಾಗ ಬೀಳುವುದು ಒಂದು ಲೀಟರಿಗೂ ಕಡಿಮೆ. ಕಾರಿನಲ್ಲಿ ಮೂರು ನಾಲ್ಕು ಲೀಟರ್ ಇರುತ್ತದೆ, ಅದರಲ್ಲಿ ಅರ್ಧ ಲೀಟರ್ ಹೋದರೂ ಹೇಗೋ ನಡೆದೀತು. ಸ್ಪ್ಲೆಂಡರಿನಲ್ಲಿ ಅರ್ಧ ಲೀಟರ್ ಹೋಯಿತೆಂದರೆ ಅರ್ಧಕ್ಕಿಂತ ಹೆಚ್ಚೇ ಹೋದ ಹಾಗೆ.

ಎಣ್ಣೆ ಇಳಿದಾಗ ಮೊದಲು ಬಡವಾಗುವುದು ಎಲ್ಲಕ್ಕಿಂತ ಮೇಲಿರುವ ಹೆಡ್ಡು. ಟ್ಯಾಪೆಟ್ ಸದ್ದು ಹೆಚ್ಚಾಗಿದೆ ಎಂದು ಗ್ಯಾರೇಜಿಗೆ ತಂದ ಗಾಡಿಯಲ್ಲಿ ಪಳಗಿದ ಮೆಕ್ಯಾನಿಕ್ ಮೊದಲು ಟ್ಯಾಪೆಟ್ ಮುಟ್ಟುವುದಿಲ್ಲ, ಡಿಪ್‌ಸ್ಟಿಕ್ ಎಳೆದು ನೋಡುತ್ತಾನೆ. ಅಲ್ಲಿಗೂ ಯಾರೂ ಗಮನಿಸದಿದ್ದರೆ ಬಿಸಿಗೆ ಹಿಗ್ಗಿದ ಪಿಸ್ಟನ್ ಬೋರಿನಲ್ಲಿ ಕಚ್ಚಿಕೊಳ್ಳುತ್ತದೆ. ಇಂಜಿನ್ ಸೀಜ್ ಎಂದರೆ ಇದೇ. ಓಡುವ ಗಾಡಿಯ ಹಿಂದಿನ ಚಕ್ರ ಒಮ್ಮೆಲೇ ಬಿಗಿದು ಸವಾರ ಬೀಳಲೂಬಹುದು. ಗಾಡಿ ಪೂರ್ತಿ ಬಿಚ್ಚಿ, ಬೋರು ಹೊಡೆಸಿ, ಹೊಸ ಪಿಸ್ಟನ್ ಹಾಕಿಸುವ ಖರ್ಚಿನಲ್ಲಿ ಎಷ್ಟೋ ವರ್ಷಗಳ ಆಯಿಲ್ ಬರುತ್ತಿತ್ತು.

ಆಯಿಲ್ ಎಷ್ಟಿದೆ ಎಂದು ನೋಡುವುದಕ್ಕೆ ಐದು ನಿಮಿಷ ಸಾಕು. ಆದರೆ ನೋಡುವ ಕ್ರಮದಲ್ಲೇ ಹಲವರು ತಪ್ಪುತ್ತಾರೆ. ಗಾಡಿ ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಮೇಲೆ ನಿಂತಿರಬೇಕು. ಸೈಡ್ ಸ್ಟ್ಯಾಂಡಿನಲ್ಲಿ ಎಣ್ಣೆ ಒಂದು ಮಗ್ಗುಲಿಗೆ ಸರಿದು ಸುಳ್ಳು ಹೇಳುತ್ತದೆ. ಎರಡು ಮೂರು ನಿಮಿಷ ಇಂಜಿನ್ ಓಡಿಸಿ, ನಿಲ್ಲಿಸಿ, ಮೇಲೆ ಹೋದ ಎಣ್ಣೆ ಕೆಳಗಿಳಿಯಲು ಇನ್ನೆರಡು ಮೂರು ನಿಮಿಷ ಬಿಡಬೇಕು. ಮುಚ್ಚಳ ಬಿಚ್ಚಿದರೆ ಅದಕ್ಕೇ ಡಿಪ್‌ಸ್ಟಿಕ್ ಅಂಟಿಕೊಂಡಿರುತ್ತದೆ. ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬಾರದು. ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಬೇಕು. ಹೀಗೆ ಅದ್ದುವಾಗ ಸ್ಪ್ಲೆಂಡರಿನಂಥ ಗಾಡಿಗಳಲ್ಲಿ ಮುಚ್ಚಳವನ್ನು ತಿರುಗಿಸಿ ಬಿಗಿಯಬಾರದು, ಸುಮ್ಮನೆ ತೂತಿನ ಮೇಲೆ ಕೂರಿಸಿದರೆ ಸಾಕು. ಬಿಗಿದರೆ ಕಡ್ಡಿ ಇನ್ನಷ್ಟು ಒಳಗಿಳಿದು, ಕಡಿಮೆ ಇರುವ ಎಣ್ಣೆ ಸರಿಯಾಗಿದೆ ಎಂದೇ ತೋರುತ್ತದೆ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಎಣ್ಣೆ ನಿಂತಿದ್ದರೆ ಸರಿ. ಪಲ್ಸರ್ 150ರಂಥ ಗಾಡಿಗಳಲ್ಲಿ ಈ ಕೆಲಸಕ್ಕೆ ಇಂಜಿನ್‌ನ ಬದಿಯಲ್ಲೇ ಗಾಜಿನ ಪುಟ್ಟ ಕಿಟಕಿ ಇದೆ, ಬಗ್ಗಿ ನೋಡಿದರಾಯಿತು.

ಹಳೆಯ ಕಾಸ್ಟ್ ಐರನ್ ಬುಲೆಟ್‌ನ ಕಥೆ ಬೇರೆ. ಮದರಾಸಿನಲ್ಲಿ 1955ರಿಂದ ತಯಾರಾದ ಆ ಗಾಡಿಗೆ ಮೂರು ಕಡೆ ಮೂರು ಎಣ್ಣೆ: ಇಂಜಿನ್‌ಗೊಂದು, ಗೇರ್ ಪೆಟ್ಟಿಗೆಗೊಂದು, ಕ್ಲಚ್ಚಿರುವ ಚೈನ್ ಕೇಸಿಗೊಂದು. ವಾರಗಟ್ಟಲೆ ನಿಲ್ಲಿಸಿದರೆ ಇಂಜಿನ್ ಎಣ್ಣೆ ತನ್ನ ತೊಟ್ಟಿಯಿಂದ ಜಿನುಗಿ ಕ್ರ್ಯಾಂಕಿನ ಕಡೆ ಸೇರಿಕೊಳ್ಳುತ್ತದೆ. ಡಿಪ್‌ಸ್ಟಿಕ್ ಒಣಗಿದಂತೆ ಕಾಣುತ್ತದೆ. ಅದನ್ನು ನೋಡಿ ಗಾಬರಿಯಿಂದ ಹೊಸ ಎಣ್ಣೆ ಸುರಿದವರು ಸ್ಟಾರ್ಟ್ ಮಾಡಿದ ಕೂಡಲೇ ಹೊಗೆ, ಸೋರಿಕೆ ಎರಡನ್ನೂ ನೋಡಿದ್ದಾರೆ. ಒಂದಿಷ್ಟು ಓಡಿಸಿ, ಎಣ್ಣೆ ವಾಪಸು ತೊಟ್ಟಿಗೆ ಬಂದ ಮೇಲೆ ಅಳೆಯಬೇಕೆಂಬುದು ಬುಲೆಟ್ ಮೆಕ್ಯಾನಿಕ್‌ಗಳ ಮೊದಲ ಪಾಠ.

ಇನ್ನು ಬಣ್ಣದ ವಿಚಾರ. ಕಡ್ಡಿಗೆ ಅಂಟಿದ ಎಣ್ಣೆ ಕಪ್ಪಾಗಿದ್ದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ಒಳಗಿನ ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ರಾಸಾಯನಿಕಗಳು ಈಗಿನ ಎಣ್ಣೆಯಲ್ಲಿರುತ್ತವೆ. ಕಪ್ಪಾಗುವುದು ಅದು ಕೆಲಸ ಮಾಡಿದ್ದಕ್ಕೆ ಗುರುತು. ಹೆದರಬೇಕಾದದ್ದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ. ಹಾಗಿದ್ದರೆ ಎಣ್ಣೆಗೆ ನೀರು ಸೇರಿದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತಮುತ್ತ ನೆಲಮಾಳಿಗೆಗಳಲ್ಲಿ ನಿಲ್ಲಿಸಿದ್ದ ಗಾಡಿಗಳು ಮುಳುಗಿದ್ದವು. ಅಂಥ ಗಾಡಿಯನ್ನು ಹೊರತೆಗೆದು ‘ಸ್ಟಾರ್ಟ್ ಆಗುತ್ತಾ ನೋಡೋಣ’ ಎಂದು ಕಿಕ್ ಹೊಡೆಯುವುದಕ್ಕಿಂತ ದೊಡ್ಡ ತಪ್ಪಿಲ್ಲ. ಮೊದಲು ಆಯಿಲ್ ಪೂರ್ತಿ ಇಳಿಸಬೇಕು, ಪ್ಲಗ್ ಬಿಚ್ಚಿ ಸಿಲಿಂಡರಿನಲ್ಲಿ ನೀರಿದೆಯೇ ನೋಡಬೇಕು. ಕಿಕ್ಕು ಆಮೇಲೆ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎನ್ನುವುದು ಗ್ಯಾರೇಜುಗಳ ಮುಂದಿನ ಮುಗಿಯದ ಚರ್ಚೆ. ಸ್ಪ್ಲೆಂಡರಿನ ಕೈಪಿಡಿ 6,000 ಕಿಲೋಮೀಟರಿಗೆ ಬದಲಾವಣೆ, ನಡುವೆ 3,000ಕ್ಕೆ ಟಾಪ್-ಅಪ್ ಎನ್ನುತ್ತದೆ. ರಸ್ತೆ ಬದಿಯ ಮೆಕ್ಯಾನಿಕ್ ಎರಡೂವರೆ ಸಾವಿರಕ್ಕೇ ಬದಲಿಸಿ ಎನ್ನುತ್ತಾನೆ. ಅವನದು ಬರೀ ವ್ಯಾಪಾರದ ಮಾತೆಂದು ತಳ್ಳಿಹಾಕುವಂತಿಲ್ಲ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕುಂಟುವ ಬೆಂಗಳೂರಿನ ಗಾಡಿಯ ಮೀಟರ್ ನಿಧಾನ, ಇಂಜಿನ್ ಮಾತ್ರ ತಿರುಗುತ್ತಲೇ ಇರುತ್ತದೆ. ಊಟದ ಪಾರ್ಸೆಲ್ ಹೊತ್ತು ದಿನಕ್ಕೆ 100 ಕಿಲೋಮೀಟರ್ ಓಡುವ ಹುಡುಗನಿಗೆ ಒಂದೇ ತಿಂಗಳಲ್ಲಿ 3,000 ಆಗಿಬಿಡುತ್ತದೆ. ಎರಡೇ ತಿಂಗಳಿಗೆ ಕೈಪಿಡಿಯ ಗಡುವೂ ಮುಗಿಯಿತು. ದಿನದ ದುಡಿಮೆಯೆಲ್ಲ ಆ ಒಂದು ಇಂಜಿನ್ ಮೇಲೆ ನಿಂತಿರುವ ಅವನಂಥವರು ಗಡುವಿಗೆ ಮುಂಚೆಯೇ ಬದಲಿಸುವುದರಲ್ಲಿ ನಷ್ಟವಿಲ್ಲ. ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗಿಬರುವ ಗಾಡಿಗೆ ಕಿಲೋಮೀಟರ್ ಲೆಕ್ಕ ಸಲ್ಲದು. ಎಷ್ಟೇ ಕಡಿಮೆ ಓಡಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಹೊಸ ಗಾಡಿಯ ಮೊದಲ ಸರ್ವಿಸಂತೂ ತಪ್ಪಿಸುವ ಮಾತೇ ಇಲ್ಲ. ಹೊಸ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿಯೆಲ್ಲ ಆ ಮೊದಲ ಎಣ್ಣೆಯಲ್ಲೇ ಇರುತ್ತದೆ.

ಯಾವ ಎಣ್ಣೆ? ಡಬ್ಬಿಯ ಮೇಲೆ 10ಡಬ್ಲ್ಯೂ-30, 20ಡಬ್ಲ್ಯೂ-40 ಎಂದೆಲ್ಲ ಬರೆದಿರುತ್ತದೆ. ಡಬ್ಲ್ಯೂ ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿರುವಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಮುಂದಿನದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದಕ್ಕೆ. ಕೈಪಿಡಿ ಹೇಳಿದ ಅಂಕಿಯನ್ನೇ ಹಾಕುವುದು ಒಳ್ಳೆಯದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಗುರುತು ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿರುತ್ತದೆ: ಜಾಸೋ ಎಂಎ, ಇಲ್ಲವೇ ಎಂಎ2. ಇದು ಜಪಾನಿನ ವಾಹನ ತಂತ್ರಜ್ಞರ ಸಂಸ್ಥೆ 1998ರಲ್ಲಿ ಮೊದಲು ತಂದ ಮಾನದಂಡದ ಗುರುತು. ಕಾರಿನ ಎಣ್ಣೆಗೆ ಮೈಲೇಜಿನ ಆಸೆಯಿಂದ ಜಾರುಗುಣ ಹೆಚ್ಚಿಸುವ ವಸ್ತುಗಳನ್ನು ಸೇರಿಸುತ್ತಾರೆ. ಕಾರಿಗೆ ಅದು ಸರಿ, ಅದರ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿಲ್ಲ. ಬೈಕಿನ ಕ್ಲಚ್ಚು ಮುಳುಗಿರುವುದೇ ಆ ಎಣ್ಣೆಯಲ್ಲಿ. ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲ್ ಬೈಕಿಗೆ ಸುರಿದರೆ ಆಕ್ಸಿಲರೇಟರ್ ಕೊಟ್ಟಷ್ಟೂ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಗೇರಿಲ್ಲದ ಸ್ಕೂಟರಿನದು ಒಣ ಕ್ಲಚ್ಚು, ಅದಕ್ಕೆಂದೇ ಎಂಬಿ ಎಂಬ ಬೇರೆ ಗುರುತು ಇದೆ. ಅದನ್ನೂ ಬೈಕಿಗೆ ಹಾಕುವಂತಿಲ್ಲ.

ಬದಲಿಸುವ ಕೆಲಸವನ್ನು ಮನೆಯ ಅಂಗಳದಲ್ಲೇ ಮಾಡಬಹುದು. ಒಂದು ಅಗಲ ಬಾಣಲಿ, 17ರ ಸ್ಪ್ಯಾನರು, ಚಿಂದಿ ಬಟ್ಟೆ, ಆಲಿಕೆ, 900 ಮಿಲಿಲೀಟರಿನ ಡಬ್ಬಿ. ಇಂಜಿನ್ ಹದವಾಗಿ ಬಿಸಿಯಾಗಿರಬೇಕು, ಆಗ ಎಣ್ಣೆ ತೆಳ್ಳಗಾಗಿ ಕೊಳೆಯನ್ನೂ ಹೊತ್ತುಕೊಂಡು ಬರುತ್ತದೆ. ಕೈ ಸುಡುವಷ್ಟು ಬೇಡ. ಮೊದಲು ಮೇಲಿನ ಮುಚ್ಚಳ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್. ಧಾರೆ ಹನಿಗಿಳಿದ ಮೇಲೆ ಕೀ ಆಫ್ ಮಾಡಿಕೊಂಡೇ ನಾಲ್ಕೈದು ಸಲ ಕಿಕ್ ಒತ್ತಿದರೆ ಮೂಲೆಯಲ್ಲಿ ಉಳಿದದ್ದೂ ಇಳಿಯುತ್ತದೆ. ಬಾಣಲಿಯ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಬೇಕು. ತರಿತರಿಯಾಗಿದ್ದರೆ, ಬಿಸಿಲಿಗೆ ಮಿನುಗಿದರೆ ಒಳಗೆಲ್ಲೋ ಲೋಹ ಸವೆಯುತ್ತಿದೆ ಎಂದರ್ಥ.

ಗಾಡಿ ಹಾಳಾಗುವುದು ಬಿಚ್ಚುವಾಗ ಅಲ್ಲ, ಬಿಗಿಯುವಾಗ. ಬೋಲ್ಟ್ ಉಕ್ಕಿನದು, ಅದು ಕೂರುವ ಇಂಜಿನ್ ಕೇಸು ಅಲ್ಯೂಮಿನಿಯಂ. ಸೋರಬಾರದೆಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ತಿರುಗಿಸಿದರೆ ಸೋಲುವುದು ಅಲ್ಯೂಮಿನಿಯಮ್ಮೇ. ‘ಥ್ರೆಡ್ ಹೋಗಿದೆ ಸಾರ್’ ಎಂಬ ಮಾತು ಕೇಳದ ಗ್ಯಾರೇಜಿಲ್ಲ. ಹೊಸ ವಾಷರ್ ಹಾಕಿದ ಬೋಲ್ಟನ್ನು ಮೊದಲು ಬೆರಳಿನಿಂದಲೇ ಕೊನೆಯವರೆಗೂ ತಿರುಗಿಸಿ, ಆಮೇಲೆ ಮಣಿಕಟ್ಟಿನ ಬಲದಲ್ಲಷ್ಟೇ ಬಿಗಿಯಬೇಕು. ಸೋರಿಕೆ ತಡೆಯುವುದು ಆ ವಾಷರು, ತೋಳಿನ ಶಕ್ತಿಯಲ್ಲ.

ಡಬ್ಬಿಯಲ್ಲಿದೆ ಎಂದು ಎಲ್ಲವನ್ನೂ ಸುರಿಯಬೇಕಿಲ್ಲ. ಮೇಲಿನ ಗೆರೆ ದಾಟಿದರೆ ಕ್ರ್ಯಾಂಕು ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ. ಹೆಚ್ಚಾದದ್ದು ಏರ್ ಫಿಲ್ಟರಿಗೂ ನುಗ್ಗುತ್ತದೆ. ತುಸು ಕಡಿಮೆ ಹಾಕಿ, ಎರಡು ನಿಮಿಷ ಇಂಜಿನ್ ಓಡಿಸಿ, ಮತ್ತೆ ಅಳೆದು, ಬೇಕಾದಷ್ಟು ಸೇರಿಸುವುದು ಸರಿಯಾದ ಕ್ರಮ. ಆ ದಿನದ ಕಿಲೋಮೀಟರನ್ನು ಚೀಟಿಯಲ್ಲಿ ಬರೆದು ಆರ್‌ಸಿಯ ಜೊತೆ ಇಟ್ಟರೆ ಮುಂದಿನ ಸಲ ಊಹೆ ಮಾಡುವ ಕೆಲಸವಿಲ್ಲ.

ಉಳಿಯಿತು ಬಾಣಲಿಯಲ್ಲಿರುವ ಕಪ್ಪು ಎಣ್ಣೆ. ಹಿಂದೆ ಇದಕ್ಕೂ ಬೇಡಿಕೆ ಇತ್ತು, ಈಗಲೂ ಇದೆ. ಆರ್‌ಸಿಸಿ ಹಾಕುವಾಗ ಸೆಂಟ್ರಿಂಗ್ ಶೀಟುಗಳಿಗೆ ಕಾಂಕ್ರೀಟ್ ಅಂಟದಿರಲೆಂದು ಬಳಿಯುವುದು ಬಹಳ ಕಡೆ ಇದನ್ನೇ. ಗೆದ್ದಲು ಹಿಡಿಯದಿರಲೆಂದು ಬೇಲಿಯ ಗೂಟಗಳಿಗೆ ಸವರುವವರೂ ಇದ್ದಾರೆ. ಕಷ್ಟಪಟ್ಟು ದುಡಿಯುವವರು ಯಾವುದನ್ನೂ ವ್ಯರ್ಥ ಮಾಡದ ರೀತಿ ಅದು. ಆದರೂ ಇಂಜಿನ್‌ನ ಮಸಿ ಮತ್ತು ಲೋಹವೆಲ್ಲ ಆ ಎಣ್ಣೆಯಲ್ಲಿದೆ, ಕೊನೆಗೆ ಅದು ಸೇರುವುದು ಮಣ್ಣಿಗೆ, ಬಾವಿಗೆ. ಕೇಂದ್ರದ 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿವೆ. 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ಮನೆಯಲ್ಲಿ ಆಯಿಲ್ ಬದಲಿಸಿದವರು ಹಳೆಯದನ್ನು ಚರಂಡಿಗೆ ಚೆಲ್ಲದೆ ಖಾಲಿಯಾದ ಡಬ್ಬಿಗೇ ಸುರಿದು, ಮುಚ್ಚಳ ಬಿಗಿದು, ಮೇಲೆ ‘ಹಳೇ ಆಯಿಲ್’ ಎಂದು ದಪ್ಪಕ್ಷರದಲ್ಲಿ ಬರೆದಿಡಬೇಕು. ಹಳೇ ಆಯಿಲ್ ತುಂಬಿಡುವ ಡ್ರಮ್ಮು ಗ್ಯಾರೇಜುಗಳಲ್ಲಿ ಇರುತ್ತದೆ, ಮುಂದಿನ ಸಲ ಪಂಚರ್ ಹಾಕಿಸಲು ಆ ಕಡೆ ಹೋದಾಗ ಅದರಲ್ಲಿ ಸುರಿದು ಬರಬಹುದು. ಖಾಲಿ ಡಬ್ಬಿಗೆ ಒಂದು ತೂತು ಹೊಡೆದೇ ಗುಜರಿಗೆ ಹಾಕಬೇಕು. ಒಳ್ಳೆಯ ಕಂಪನಿಯ ಖಾಲಿ ಡಬ್ಬಿಗಳಿಗೆ ಕಲಬೆರಕೆ ಎಣ್ಣೆ ತುಂಬಿ ಮಾರುವವರು ಮೊದಲು ಹುಡುಕುವುದು ತೂತಿಲ್ಲದ ಡಬ್ಬಿಯನ್ನೇ.