ನಿಂತು ಮತ್ತೆ ನಡೆದ ಪತ್ರಿಕೆ

ಮತ್ತಿಗಿರಿಯ ನಮ್ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು, ಬಸ್ಸಿನ ಬೋರ್ಡಲ್ಲಿ ತಮಿಳು. ಜರ್ಮನಿಯ ಬೌಟ್ಸೆನ್ ಊರಲ್ಲೂ ಬೀದಿ ಹೆಸರು ಎರಡು ನುಡಿಯಲ್ಲಿ: ಜರ್ಮನ್, ಸೋರ್ಬಿಯನ್.

ಪೋಲಿಷ್, ಚೆಕ್ ಭಾಷೆಗಳ ನಂಟಿನ ಪುಟ್ಟ ಸೋರ್ಬಿಯನ್ ನುಡಿಗೆ 1848ರಲ್ಲೇ ವಿದ್ವತ್ ಪತ್ರಿಕೆ ಇತ್ತು, ‘ಚಾಸೋಪಿಸ್’. 1937ರಲ್ಲಿ ನಾಜಿಗಳು ಸೋರ್ಬಿಯನ್ ಸಂಘಗಳ ಬಾಯಿ ಕಟ್ಟಿದರು, ಪತ್ರಿಕೆಯೂ ನಿಂತಿತು. ಸುಮಾರು ತೊಂಬತ್ತು ವರ್ಷಗಳ ದುಡಿಮೆ! ನೆನೆದರೆ ಹೊಟ್ಟೆ ಉರಿಯುತ್ತದೆ.

ಯುದ್ಧ ಮುಗಿದ ಮೇಲೆ, 1951ರಲ್ಲಿ ಬೌಟ್ಸೆನ್ನಲ್ಲೇ ಸೋರ್ಬಿಯನ್ ಸಂಶೋಧನಾ ಸಂಸ್ಥೆ ಹುಟ್ಟಿತು. ಮರುವರ್ಷ ಅಲ್ಲಿಂದ, ಹಳೆಯ ಪತ್ರಿಕೆಯ ಜಾಡಿನಲ್ಲೇ, ‘ಲ್ಯೆಟೋಪಿಸ್’ ಪತ್ರಿಕೆ ಬಂತು. ಹೆಸರಿನ ಅರ್ಥ ವರ್ಷಗಳ ಬರಹ. ಭಾಷೆಗೊಂದು, ಚರಿತ್ರೆಗೊಂದು, ಜನಪದಕ್ಕೊಂದು ಸರಣಿ. 1992ರಲ್ಲಿ ಎಲ್ಲ ಒಂದಾದವು. ಈಗ ಬೇರೆ ಅಲ್ಪಸಂಖ್ಯಾತ ನುಡಿಗಳ ಅಧ್ಯಯನವೂ ಅದರಲ್ಲಿ ಅಚ್ಚಾಗುತ್ತದೆ.

ಅವರು ಹೀಗೆ ಬರೆದಿಟ್ಟರು; ನಮ್ಮಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳು ಇನ್ನೂ ಬಾಯಲ್ಲೇ ಇವೆ. ಈ ಭಾನುವಾರ ಅಜ್ಜಿಯನ್ನು ಕೂರಿಸಿಕೊಂಡು ಫೋನಲ್ಲಿ ರೆಕಾರ್ಡ್ ಮಾಡ್ತೀನಿ.