ಎಸೆಯುವ ತೋಳಿಗೊಂದು ಲೆಕ್ಕ

ಗದಗ-ಬೆಟಗೇರಿಯ ಮೈದಾನಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಶಾಲಾ ಬಯಲುಗಳಲ್ಲಾಗಲಿ, ಸುಗ್ಗಿ ಮುಗಿದ ಎರೆಹೊಲಗಳಲ್ಲಾಗಲಿ, ಸಂಜೆಯ ಹೊತ್ತು ಚೆಂಡು ಎಸೆಯುವ ಬಾಲಕರನ್ನು ಕಾಣದವರಿಲ್ಲ. ಅವರಲ್ಲಿ ಒಬ್ಬಿಬ್ಬರು ಉಳಿದವರಿಗಿಂತ ವೇಗವಾಗಿ ಎಸೆಯುತ್ತಾರೆ. ತಂಡ ಗೆಲ್ಲಲೇಬೇಕಾದಾಗ ಚೆಂಡು ಅವರ ಕೈಗೇ ಹೋಗುತ್ತದೆ. ಹುಡುಗನು ಎಷ್ಟು ವಿಕೆಟ್ ಪಡೆದನೆಂಬುದನ್ನು ಎಲ್ಲರೂ ಎಣಿಸುತ್ತಾರೆ; ಎಷ್ಟು ಬಾರಿ ತೋಳನ್ನು ಬೀಸಿದನೆಂಬುದನ್ನು ಎಣಿಸುವವರು ವಿರಳ. ಕಳೆದ ಅರ್ಧ ಶತಮಾನದಲ್ಲಿ ಕ್ರೀಡೆಯನ್ನು ಕುರಿತು ನಡೆದ ಸಂಶೋಧನೆಯು ಕಲಿಸಿಕೊಟ್ಟ ಬಹುಮುಖ್ಯ ಪಾಠವು ಈ ಎರಡನೆಯ ಎಣಿಕೆಯಲ್ಲಿ ಅಡಗಿದೆ.

ಈ ಸಂಶೋಧನೆಯು ಹುಲುಸಾಗಿ ಬೆಳೆದುದು ಅಮೆರಿಕದ ಬೇಸ್‌ಬಾಲ್ ಆಟದ ಆಶ್ರಯದಲ್ಲಿ. ಬೇಸ್‌ಬಾಲ್ ಕ್ರಿಕೆಟ್ಟಿನಂತೆಯೇ ದಾಂಡು-ಚೆಂಡುಗಳ ಆಟ. ಆದರೆ ಅಲ್ಲಿ ಎಸೆತಗಾರನು 60 ಅಡಿ 6 ಅಂಗುಲ ದೂರದಿಂದ, ಚೆಂಡು ನೆಲಕ್ಕೆ ಪುಟಿಯದಂತೆ, ಮೊಣಕೈಯನ್ನು ಮಡಿಚಿ ಬಿಚ್ಚುತ್ತ ಎಸೆಯುತ್ತಾನೆ. ಈ ಆಟದ ಅಂಕಿ-ಅಂಶಗಳು ಒಂದು ಶತಮಾನಕ್ಕೂ ಮಿಕ್ಕ ಕಾಲದಿಂದ ವ್ಯವಸ್ಥಿತವಾಗಿ ದಾಖಲಾಗಿರುವುದರಿಂದ ವೈದ್ಯರಿಗೂ ಅರ್ಥಶಾಸ್ತ್ರಜ್ಞರಿಗೂ ಅದೊಂದು ತೆರೆದ ಪ್ರಯೋಗಶಾಲೆಯಂತಾಯಿತು.

ತೋಳಿನ ಮಿತಿ

1974ರಲ್ಲಿ ಟಾಮಿ ಜಾನ್ ಎಂಬ ಎಡಗೈ ಎಸೆತಗಾರನ ಮೊಣಕೈಯ ಒಳಬದಿಯ ಕಟ್ಟುನಾರು ಹರಿಯಿತು. ಎಲುಬಿಗೆ ಎಲುಬನ್ನು ಬಿಗಿಯುವ ಈ ನಾರು ಹರಿದರೆ ಅಂದಿನ ಕಾಲಕ್ಕೆ ಆಟಗಾರನ ಬಾಳು ಮುಗಿದಂತೆಯೇ. ಅದೇ ವರ್ಷದ ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಅವರು ಅವನ ಬಲಗೈಯ ಸ್ನಾಯುರಜ್ಜುವೊಂದನ್ನು ತೆಗೆದು ಎಡ ಮೊಣಕೈಯಲ್ಲಿ ಕೂಡಿಸಿದರು. 1976ರಲ್ಲಿ ಮರಳಿ ಕಣಕ್ಕಿಳಿದ ಟಾಮಿ ಜಾನ್ 1989ರವರೆಗೆ ಆಡಿದನು. ಅವನ ಒಟ್ಟು 288 ಗೆಲುವುಗಳಲ್ಲಿ 164 ಶಸ್ತ್ರಚಿಕಿತ್ಸೆಯ ತರುವಾಯ ಬಂದವು.

ಈ ಯಶಸ್ಸಿನಿಂದ ಅಪಾಯಕರ ಭ್ರಮೆಯೊಂದೂ ಹುಟ್ಟಿತು. ಶಸ್ತ್ರಚಿಕಿತ್ಸೆಯಾದರೆ ತೋಳು ಮೊದಲಿಗಿಂತ ಬಲಗೊಳ್ಳುತ್ತದೆಂದು ಅನೇಕ ಬಾಲಕರೂ ಪಾಲಕರೂ ನಂಬಿದರು. ವಾಸ್ತವವು ಹಾಗಿಲ್ಲ. ಕೆಟ್ಟುದನ್ನು ರಿಪೇರಿ ಮಾಡುವುದು ವೈದ್ಯನ ಕೆಲಸ. ಕೆಡದಂತೆ ಕಾಯುವುದು ಗುರುವಿನ ಕೆಲಸ. ಅಮೆರಿಕದಲ್ಲಿ 9ರಿಂದ 14 ವರ್ಷದ 481 ಬಾಲ ಎಸೆತಗಾರರನ್ನು 10 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 5ರಷ್ಟು ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು ಇಲ್ಲವೇ ಆಟವನ್ನೇ ಬಿಟ್ಟರು. ವರ್ಷವೊಂದರಲ್ಲಿ 100ಕ್ಕಿಂತ ಹೆಚ್ಚು ಇನ್ನಿಂಗ್ಸ್‌ಗಳಲ್ಲಿ ಎಸೆದವರಿಗೆ ಇಂಥ ಅಪಾಯವು ಉಳಿದವರಿಗಿಂತ ಮೂರೂವರೆ ಪಟ್ಟು ಅಧಿಕವಾಗಿತ್ತು. 2014ರಲ್ಲಿ ಆ ದೇಶದಲ್ಲಿ ಪ್ರಕಟವಾದ ಮಾರ್ಗಸೂಚಿಯ ಪ್ರಕಾರ 11-12 ವರ್ಷದ ಬಾಲಕನು ದಿನಕ್ಕೆ 85 ಎಸೆತಗಳನ್ನು ಮೀರಬಾರದು. 66 ಅಥವಾ ಅದಕ್ಕೂ ಮಿಕ್ಕಿ ಎಸೆದರೆ 4 ದಿನ ವಿಶ್ರಾಂತಿ ಪಡೆಯಬೇಕು.

ಇದಕ್ಕೆ ಕಾರಣ ಸರಳವಾದುದು. ಬೆಳೆಯುವ ಮಕ್ಕಳ ಎಲುಬುಗಳ ತುದಿಯಲ್ಲಿ ಬೆಳವಣಿಗೆಯ ಮೃದುವಾದ ಪದರವಿರುತ್ತದೆ. ಒಂದೇ ಬಗೆಯ ಸೆಳೆತವು ಸಾವಿರ ಸಲ ಮರುಕಳಿಸಿದರೆ ಆ ಪದರಕ್ಕೆ ಪೆಟ್ಟು ಬೀಳುತ್ತದೆ. ದಣಿದ ದೇಹವು ಪುನಃ ಚೇತರಿಸಿಕೊಳ್ಳಲು ಬಿಡುವು ಬೇಕು.

ಕ್ರಿಕೆಟ್ಟಿನ ನಿದರ್ಶನ

ಕ್ರಿಕೆಟ್ ಬೌಲರ್ ಮೊಣಕೈಯನ್ನು ಹಾಗೆ ಮಡಿಚಿ ಬಿಚ್ಚುವುದಿಲ್ಲವಾದ್ದರಿಂದ ಅವನಲ್ಲಿ ಹೆಚ್ಚಿನ ಭಾರವು ಹೆಗಲು ಹಾಗೂ ಬೆನ್ನಿನ ಮೇಲೆ ಬೀಳುತ್ತದೆ. ವೇಗದ ಬೌಲರನು ಚೆಂಡು ಬಿಡುವಾಗ ಮುಂಗಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಒತ್ತಡ ಬರುತ್ತದೆ. ಎಳೆಯ ಬೌಲರರಲ್ಲಿ ಕೆಳಬೆನ್ನಿನ ಎಲುಬು ಸೂಕ್ಷ್ಮವಾಗಿ ಬಿರಿಯುವುದು ಇದರ ದೆಸೆಯಿಂದಲೇ. ಕನ್ನಡ ನಾಡಿನ ಹಿರಿಯ ಬೌಲರರೂ ಈ ನೋವಿನಿಂದ ಹೊರತಲ್ಲ. ಜಾವಗಲ್ ಶ್ರೀನಾಥ್ ಅವರು ಹೆಗಲಿನ ಗಾಯದಿಂದಾಗಿ 1997ರ ವೆಸ್ಟ್ ಇಂಡೀಸ್ ಪ್ರವಾಸವನ್ನು ಕಳೆದುಕೊಂಡರು. ಅನಿಲ್ ಕುಂಬ್ಳೆಯವರು ಹೆಗಲಿನ ಶಸ್ತ್ರಚಿಕಿತ್ಸೆಯ ನಿಮಿತ್ತ 2001ರ ಆಸ್ಟ್ರೇಲಿಯ ಸರಣಿಯಲ್ಲಿ ಆಡಲಾಗಲಿಲ್ಲ. ತಜ್ಞರ ಆರೈಕೆ ದೊರೆತುದರಿಂದ ಇಬ್ಬರೂ ಮರಳಿ ಬಂದರು. ಕುಂಬ್ಳೆಯವರು 2008ರಲ್ಲಿ ನಿವೃತ್ತರಾಗುವಾಗ 619 ಟೆಸ್ಟ್ ವಿಕೆಟ್‌ಗಳನ್ನು ಪಡೆದಿದ್ದರು. ಶಿರಹಟ್ಟಿ ಅಥವಾ ಮುಂಡರಗಿಯ ಹಳ್ಳಿಯ ಹುಡುಗನಿಗೆ ಹೆಗಲು ನೊಂದರೆ ಅಂಥ ಆರೈಕೆ ಸುಲಭವಾಗಿ ಒದಗುವುದಿಲ್ಲ. ಆದ್ದರಿಂದ ಅವನ ಪಾಲಿಗೆ ಮುನ್ನೆಚ್ಚರಿಕೆಯೇ ಪರಮ ಚಿಕಿತ್ಸೆ.

ವಯಸ್ಸಿನ ಸಮಸ್ಯೆ

ಸಂಶೋಧಕರು ಗುರುತಿಸಿದ ಇನ್ನೊಂದು ಸಂಗತಿಯು ಶಿಕ್ಷಕರಿಗೆ ನೇರವಾಗಿ ಸಂಬಂಧಿಸಿದುದು. ಅಮೆರಿಕದ ಬಾಲ ಬೇಸ್‌ಬಾಲ್‌ನಲ್ಲಿ ಬಹುಕಾಲ ಆಗಸ್ಟ್ 1ರಿಂದ ವಯೋವರ್ಗದ ಗಣನೆ ಆರಂಭವಾಗುತ್ತಿತ್ತು. ದೊಡ್ಡ ಆಟಗಾರರಾದವರಲ್ಲಿಯೂ ಆಗಸ್ಟ್ ತಿಂಗಳಲ್ಲಿ ಹುಟ್ಟಿದವರು ಹೆಚ್ಚಾಗಿಯೂ ಜುಲೈಯಲ್ಲಿ ಹುಟ್ಟಿದವರು ಕಡಿಮೆಯಾಗಿಯೂ ಕಂಡುಬಂದರು. ಗುಂಪಿನಲ್ಲಿ ಹತ್ತು ಹನ್ನೊಂದು ತಿಂಗಳು ಹಿರಿಯನಾದ ಬಾಲಕನ ಮೈಕಟ್ಟನ್ನೇ ಪ್ರತಿಭೆಯೆಂದು ಬಗೆದು ಅವನನ್ನು ಆರಿಸುತ್ತಾರೆ. ಕಿರಿಯನು ಅವಕಾಶ ಸಿಗದೆ ಹಿಂದುಳಿಯುತ್ತಾನೆ.

ಈ ಭಾಗದ ಹಿರಿಯರಲ್ಲಿ ಎಷ್ಟೋ ಮಂದಿಯ ಶಾಲಾ ದಾಖಲೆಗಳಲ್ಲಿ ಜನ್ಮದಿನವು ಜೂನ್ 1 ಎಂದಿರುವುದು ಹಳೆಯ ವಿದ್ಯಾರ್ಥಿಗಳಿಗೆ ತಿಳಿಯದ ಮಾತಲ್ಲ. ಅಂದು ಶಾಲೆಗೆ ಸೇರಿಸುವ ಅನುಕೂಲಕ್ಕಾಗಿ ಬರೆದ ತಾರೀಖು ಅದು. ಇಂದು ಕ್ರೀಡಾರಂಗದಲ್ಲಿ ಸುಳ್ಳು ವಯಸ್ಸು ಒಬ್ಬನಿಗೆ ಸ್ಥಾನವನ್ನು ಕೊಟ್ಟು ಇನ್ನೊಬ್ಬನಿಂದ ಅದನ್ನು ಕಸಿಯುತ್ತದೆ. ಭಾರತೀಯ ಕ್ರಿಕೆಟ್ ಮಂಡಳಿಯು ಬಾಲಕರ ಎಡ ಮಣಿಕಟ್ಟಿನ ಕ್ಷ-ಕಿರಣ ಚಿತ್ರದಿಂದ ಎಲುಬಿನ ವಯಸ್ಸನ್ನು ಅಂದಾಜು ಮಾಡುವ ಪದ್ಧತಿಯನ್ನು ಅನುಸರಿಸಬೇಕಾದುದು ಇದಕ್ಕಾಗಿಯೇ.

ಬಾಳಿನ ಲೆಕ್ಕ

ಅರ್ಥಶಾಸ್ತ್ರಜ್ಞರ ಗಮನವು ಆಟಗಾರನ ದುಡಿಮೆಯ ಕಡೆಗೆ ಹರಿಯಿತು. ಬೇಸ್‌ಬಾಲ್ ಒಡೆಯರ ಕರಾರಿನ ಮೂಲಕ ಆಟಗಾರನು ಬೇರೆ ತಂಡವನ್ನು ಸೇರದಂತೆ ಕಟ್ಟುಹಾಕಿದ್ದ ಕಾಲದಲ್ಲಿ, ಅವನು ತಂಡಕ್ಕೆ ಗಳಿಸಿಕೊಟ್ಟುದರಲ್ಲಿ ಅವನಿಗೆ ದಕ್ಕುತ್ತಿದ್ದುದು ಸಣ್ಣ ಪಾಲೆಂದು ಜೆರಾಲ್ಡ್ ಸ್ಕಲಿ 1974ರಲ್ಲಿ ತೋರಿಸಿಕೊಟ್ಟರು. 1975ರ ಡಿಸೆಂಬರಿನಲ್ಲಿ ಪಂಚಾಯ್ತಿ ತೀರ್ಪೊಂದರಿಂದ ಆ ಕಟ್ಟು ಸಡಿಲಿದ ಮೇಲೆ ವೇತನಗಳು ಏರಿದವು. ಆದರೆ ಆಯುಷ್ಯದ ಮಾತು ಬೇರೆ. 1902ರಿಂದ 1993ರವರೆಗೆ ಅತ್ಯುನ್ನತ ಮಟ್ಟದಲ್ಲಿ ಪಾದಾರ್ಪಣೆ ಮಾಡಿದ, ಎಸೆತಗಾರರಲ್ಲದ ಸುಮಾರು 6,000 ಆಟಗಾರರನ್ನು ಪರಿಶೀಲಿಸಿದ 2007ರ ಅಧ್ಯಯನದ ಪ್ರಕಾರ ಅವರ ಆಟದ ಬಾಳು ಸರಾಸರಿ 5.6 ವರ್ಷ. ಐವರಲ್ಲಿ ಒಬ್ಬನದು ಒಂದೇ ವರ್ಷ! ಶಿಖರವನ್ನು ಮುಟ್ಟಿದವರ ಗತಿಯೇ ಇದಾದರೆ ಅಲ್ಲಿಗೆ ತಲಪದವರ ಸಂಖ್ಯೆಯನ್ನು ಹೇಳುವಂತೆಯೇ ಇಲ್ಲ.

ಗದುಗಿನ ಮಣ್ಣಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. 1970ರಲ್ಲಿ ಗದಗದಲ್ಲಿ ಜನಿಸಿದ ಸುನೀಲ್ ಜೋಶಿಯವರು ಬಾಲ್ಯದಲ್ಲಿ ಮುಂಜಾನೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ ಶಾಲೆಯ ವೇಳೆಗೆ ಊರಿಗೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ಓಟಗಳಿಗೆ 5 ವಿಕೆಟ್ ಪಡೆದ ಅವರ ಸಾಧನೆಯನ್ನು ಕ್ರೀಡಾಪ್ರೇಮಿಗಳು ಇಂದಿಗೂ ಸ್ಮರಿಸುತ್ತಾರೆ. ಅಂಥವರ ಅಂತರರಾಷ್ಟ್ರೀಯ ಜೀವನವೂ 1996ರಿಂದ 2001ರವರೆಗೆ, 15 ಟೆಸ್ಟ್ ಹಾಗೂ 69 ಏಕದಿನ ಪಂದ್ಯಗಳಿಗೆ ಸೀಮಿತವಾಯಿತು. ಅವರು ಎದೆಗುಂದಲಿಲ್ಲ. ಅನಂತರವೂ ಅನೇಕ ವರ್ಷ ರಾಜ್ಯ ತಂಡಕ್ಕಾಗಿ ದುಡಿದು, ಪ್ರಥಮ ದರ್ಜೆಯಲ್ಲಿ 600ಕ್ಕೂ ಮಿಕ್ಕಿ ವಿಕೆಟ್ ಗಳಿಸಿ, ಮುಂದೆ ತರಬೇತುದಾರರಾದರು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಶ್ರೀನಾಥರು ಸುತ್ತೂರು ಮಠದ ಆಶ್ರಯದ ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರೆಂಬುದೂ ಇಲ್ಲಿ ಸ್ಮರಣೀಯ. ಆಟಕ್ಕಾಗಿ ಓದನ್ನು ತೊರೆಯಲೇಬೇಕೆಂಬ ನಿಯಮವಿಲ್ಲ.

ಶಾಲೆಯ ಹೊಣೆ

ಈ ಜ್ಞಾನವನ್ನು ಆಚರಣೆಗೆ ತರಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ದೈಹಿಕ ಶಿಕ್ಷಕರ ಬಳಿ ಒಂದು ನೋಟುಬುಕ್ಕು ಸಾಕು. ಯಾವ ಬಾಲಕನು ಯಾವ ದಿನ ಎಷ್ಟು ಓವರು ಎಸೆದನು, ಅಭ್ಯಾಸದಲ್ಲಿ ಎಷ್ಟು, ಪಂದ್ಯದಲ್ಲಿ ಎಷ್ಟು, ನೋವಿದೆಯೆಂದು ಹೇಳಿದನೇ ಎಂಬುದನ್ನು ಅದರಲ್ಲಿ ಬರೆದಿಡಬೇಕು. ಇಂಗ್ಲೆಂಡಿನಲ್ಲಿ 13 ವರ್ಷದೊಳಗಿನ ವೇಗದ ಬೌಲರರಿಗೆ ಒಂದು ಸರದಿಗೆ 5 ಓವರು, ದಿನಕ್ಕೆ 10 ಓವರು ಎಂದು ವಿಧಿಸಿದ ಮಿತಿಯು ಇಲ್ಲಿಯೂ ಮಾದರಿಯಾಗಬಲ್ಲುದು. ನೋವನ್ನು ಹೇಳಿಕೊಂಡ ಹುಡುಗನನ್ನು ಹೇಡಿಯೆಂದು ಹಂಗಿಸದಿರುವುದೂ ತರಬೇತಿಯ ಒಂದು ಅಂಗವೇ. ಹಾಗೆಯೇ ದಾನಿಗಳು ಪಾರಿತೋಷಕ, ದಾಂಡು, ಚೆಂಡುಗಳಿಗೆ ಕೊಡುವ ಕಾಣಿಕೆಯಲ್ಲಿ ಒಂದು ಪಾಲನ್ನು ಆಟಗಾರರ ವೈದ್ಯಕೀಯ ತಪಾಸಣೆಗೂ, ಪಂದ್ಯಗಳಿಗಾಗಿ ತರಗತಿ ತಪ್ಪಿಸಿಕೊಂಡ ಮಕ್ಕಳ ವಿಶೇಷ ಪಾಠಕ್ಕೂ ಮೀಸಲಿಟ್ಟರೆ ಅದು ದೀರ್ಘಕಾಲ ಫಲ ನೀಡುವ ದಾನವಾಗುತ್ತದೆ.

ಗೆದ್ದ ಪಂದ್ಯದ ಸಂತೋಷವು ಒಂದು ದಿನದ್ದು. ಹದಿಮೂರರ ವಯಸ್ಸಿನಲ್ಲಿ ಕೆಟ್ಟ ಹೆಗಲು ಮುಂದೆ ಹೊಲದಲ್ಲಿಯೂ, ಕಚೇರಿಯಲ್ಲಿಯೂ, ಮನೆಯಲ್ಲಿಯೂ ಅವನ ಜೊತೆಗೇ ಇರುತ್ತದೆ. ಆ ಹೆಗಲನ್ನು ಕಾಯುವುದು ಪದಕ ಗೆಲ್ಲಿಸುವುದಕ್ಕಿಂತ ಮೊದಲಿನ ಕರ್ತವ್ಯವೆಂದು ಶಾಲೆಯು ಬಗೆದಲ್ಲಿ ಕ್ರೀಡೆಯು ನಿಜವಾದ ಅರ್ಥದಲ್ಲಿ ಶಿಕ್ಷಣವೆನಿಸುವುದು.