ಹಸುಗೂಸಿನ ಶುಶ್ರೂಷೆ

ತನ್ನ ನೋವನ್ನು ಮಾತಿನಲ್ಲಿ ಹೇಳಲಾರದ ರೋಗಿಯೆಂದರೆ ಹಸುಗೂಸು. ಹಸಿವು, ಚಳಿ, ಬೇನೆಗಳೆಲ್ಲಕ್ಕೂ ಅದಕ್ಕಿರುವ ಭಾಷೆ ಅಳುವೊಂದೇ. ಬಲಹೀನವಾದ ಕೂಸಿಗೆ ಆ ಅಳುವೂ ಬಾರದು. ಆದುದರಿಂದ ಮಕ್ಕಳ ಶುಶ್ರೂಷೆಯಲ್ಲಿ ತೊಡಗಿದ ದಾದಿಯು ಕಣ್ಣಿನಿಂದಲೂ ಕೈಯಿಂದಲೂ ಅದರ ಸ್ಥಿತಿಯನ್ನು ಅರಿಯಬೇಕಾಗುತ್ತದೆ.

ವಿಜಯಪುರ ಜಿಲ್ಲೆಯ ಸಾರವಾಡವು ಡೋಣಿ ನದಿಯ ಸೀಮೆಗೆ ಸೇರಿದ ಊರು. ಬಿಳಿಜೋಳ ಬೆಳೆಯುವ ಈ ಬಯಲುನಾಡಿನಲ್ಲಿ ಬೇಸಿಗೆಯ ಬಿಸಿಲು ಕಠಿಣ; ಮಾಗಿಯ ರಾತ್ರಿಗಳ ಚಳಿಯೂ ತೀಕ್ಷ್ಣ. ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುವಿನ ಮೈಯಲ್ಲಿ ಕೊಬ್ಬು ಅಲ್ಪವಾದ್ದರಿಂದ ಅದರ ಕಾವು ಬೇಗನೆ ಆರುತ್ತದೆ. ಕಾವು ಇಳಿದ ಕೂಸು ಮೊಲೆಯುಣ್ಣಲಾರದು. ಉಣ್ಣದ ಕೂಸಿಗೆ ಕಾವು ಹುಟ್ಟದು. ಹೀಗೆಯೇ ಮುಂದುವರಿದರೆ ಪ್ರಾಣಕ್ಕೇ ಸಂಚಕಾರ.

ನುರಿತ ದಾದಿಯು ಮಗುವಿನ ಹೊಟ್ಟೆಯನ್ನೂ ಪಾದಗಳನ್ನೂ ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಾಳೆ. ಎರಡೂ ಬೆಚ್ಚಗಿದ್ದರೆ ಕ್ಷೇಮ. ಪಾದ ಮಾತ್ರ ತಣ್ಣಗಿದ್ದರೆ ಎಚ್ಚರಿಕೆ. ಎರಡೂ ತಣ್ಣಗಿದ್ದರೆ ಅಪಾಯ. ಈ ಸ್ಪರ್ಶಜ್ಞಾನವು ಅನೇಕ ಕೂಸುಗಳನ್ನು ಎತ್ತಿಕೊಂಡ ಕೈಗೆ ಒಲಿಯುವಂಥದು. ತಾನೂ ತಾಯಿಯಾದವಳಿಗೆ ಬಾಣಂತಿಯ ಅಂಜಿಕೆ ಬೇಗನೆ ತಿಳಿಯುವುದುಂಟು.

ಆದರೆ ಅನುಭವವೊಂದೇ ಸಾಲದು. ಅದು ಕೆಲವೊಮ್ಮೆ ದಾರಿ ತಪ್ಪಿಸಲೂಬಹುದು. ಹುಟ್ಟಿದ ಕೂಡಲೇ ಕೂಸಿಗೆ ನೀರೆರೆಯುವುದು ಅನೇಕ ಮನೆಗಳ ರೂಢಿ. ಅದರಲ್ಲಿಯೇ ಬೆಳೆದ ದಾದಿಗೆ ಅದು ಸರಿಯೆಂದೇ ತೋರೀತು. 24 ಗಂಟೆಗಳವರೆಗೆ ಸ್ನಾನ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದಕಾರಣ ಒಬ್ಬರ ಅನುಭವವನ್ನು ಒರೆಹಚ್ಚಲು ತಕ್ಕಡಿ, ತಾಪಮಾಪಕಗಳೂ ಸಹೋದ್ಯೋಗಿಗಳ ಮಾತೂ ಅಗತ್ಯ.

ಕೂಡಿ ದುಡಿಯುವುದರ ಉತ್ತಮ ನಿದರ್ಶನ ಕಾಂಗರೂ ಆರೈಕೆ. ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಬೆಚ್ಚಗಿಡುವ ಈ ಪದ್ಧತಿ 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಆರಂಭವಾಯಿತು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದೊಡನೆ ಈ ಆರೈಕೆ ನೀಡಿದಾಗ ಮರಣಗಳು ನೂರಕ್ಕೆ 25ರಷ್ಟು ತಗ್ಗಿದುದು ಅದರಿಂದ ತಿಳಿಯಿತು. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಪದ್ಧತಿಯನ್ನು ಆಚರಣೆಗೆ ತರಲಾಗಿದೆ.

ಇದು ಒಬ್ಬರಿಂದ ಆಗುವ ಕಾರ್ಯವಲ್ಲ. ವೈದ್ಯರು ಉಸಿರಾಟವನ್ನು ಪರೀಕ್ಷಿಸುತ್ತಾರೆ. ದಾದಿಯು ಕೂಸನ್ನು ಕಟ್ಟುವ ಕ್ರಮವನ್ನು ಕಲಿಸುತ್ತಾಳೆ. ತಾಯಿ ದಣಿದಾಗ ತಂದೆಯೋ ಅಜ್ಜಿಯೋ ಎದೆಗೊಡಬಹುದು. ಪಾಳಿ ಬದಲಾಗುವಾಗ ತೂಕ, ತಾಪ, ಕುಡಿದ ಹಾಲಿನ ವಿವರಗಳನ್ನು ಒಬ್ಬ ದಾದಿ ಇನ್ನೊಬ್ಬಳಿಗೆ ಒಪ್ಪಿಸುತ್ತಾಳೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು ಊರಿಗೆ ಮರಳಿದ ಬಳಿಕ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆಯು ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ನಷ್ಟ ಕೂಸಿನದೇ. ಮಾಗಿಯ ಇರುಳಿನಲ್ಲಿ ಪುಟ್ಟ ಪಾದಗಳು ಬೆಚ್ಚಗಿರುವಂತೆ ನೋಡಿಕೊಳ್ಳುವುದು ಈ ಎಲ್ಲರಿಗೂ ಸೇರಿದ ಹೊಣೆ.